ಲಗತ್ತು: ಫೋಟೋ ನಾಲ್ಕು, ವರದಿ ಒಂದು

ತಹಶೀಲ್ದಾರ್ ಕಚೇರಿಗೆ ಒಮ್ಮೆಯಾದರೂ ಅರ್ಜಿ ಕೊಟ್ಟವರಿಗೆ 'ಲಗತ್ತು' ಎಂಬ ಮಾತು ಹೊಸದಲ್ಲ. ಅರ್ಜಿಯ ಕೆಳಗೆ ಎಡಬದಿಗೆ ಬರೆಯುತ್ತೇವೆ: ಉತಾರ ಒಂದು, ಆಧಾರ್ ಪ್ರತಿ ಒಂದು, ಪಾಸ್‌ಬುಕ್ ಪ್ರತಿ ಒಂದು. ಬರೆದು, ಪಿನ್ನು ಚುಚ್ಚಿ, ಕೊಟ್ಟು ಬರುತ್ತೇವೆ. ಒಂದು ಟೇಬಲ್ಲಿನಿಂದ ಇನ್ನೊಂದು ಟೇಬಲ್ಲಿಗೆ ಹೋಗುವಾಗ ಆ ಪಿನ್ನು ಎಲ್ಲೋ ಕಳಚುತ್ತದೆ. ಎರಡು ತಿಂಗಳಾದ ಮೇಲೆ 'ದಾಖಲೆ ಲಗತ್ತಿಸಿರುವುದಿಲ್ಲ' ಅಂತ ಹಿಂಬರಹ ಮನೆಗೆ ಬರುತ್ತದೆ.

ಈಮೇಲಿನಲ್ಲೂ ಅದೇ ಮಾತು, ಅದೇ ಚಿತ್ರ. ಕಾಗದಕ್ಕೆ ಹಾಕುವ ಕ್ಲಿಪ್ಪಿನ ಗುರುತು ಇರುತ್ತದೆ, ಒತ್ತಿದರೆ ಫೋನಿನ ಫೋಟೋಗಳು ತೆರೆದುಕೊಳ್ಳುತ್ತವೆ, ಆರಿಸಿದರೆ ಮುಗಿಯಿತು. ಹಾಗಾಗಿ ಅಲ್ಲೂ ಪತ್ರ ಬೇರೆ, ಫೋಟೋ ಬೇರೆ, ನಡುವೆ ಒಂದು ಪಿನ್ನು ಅಂತಲೇ ನಾವೆಲ್ಲ ತಿಳಿದಿರುತ್ತೇವೆ. ಹಾಗೇನೂ ಇಲ್ಲ. ಈಮೇಲಿನಲ್ಲಿ ಪಿನ್ನೇ ಇಲ್ಲ. ಫೋಟೋವನ್ನು ಅಕ್ಷರಗಳಾಗಿ ಬಿಡಿಸಿ, ಪತ್ರದ ಒಳಗೇ ಬರೆದುಬಿಡುತ್ತಾರೆ.

ಇದು ನನಗೆ ತಿಳಿದದ್ದು ಬೆರಳಿನಿಂದ ಕ್ಲಿಪ್ ಒತ್ತುವುದನ್ನು ಬಿಟ್ಟು, ಸಣ್ಣದೊಂದು ಪ್ರೋಗ್ರಾಮ್ ಬರೆದು ಅದರಿಂದ ಸುದ್ದಿ ಮತ್ತು ಫೋಟೋ ಕಳಿಸಲು ಶುರು ಮಾಡಿದ ಮೇಲೆ. ಎಪಿಐ, ಪ್ರೋಗ್ರಾಮಿಂಗ್ ಇಂಟರ್‌ಫೇಸ್ ಅಂತೆಲ್ಲ ಕರೆಯುವುದು ಇದನ್ನೇ: ಪರದೆಯ ಗುಂಡಿ ಒತ್ತಿ ಮಾಡುವ ಕೆಲಸವನ್ನು ಬರೆದಿಟ್ಟ ಆಜ್ಞೆಗಳಿಂದ ಮಾಡಿಸುವ ದಾರಿ. ಗುಂಡಿ ಒತ್ತುವವನಿಗೆ ಒಳಗೆ ನಡೆಯುವುದು ಕಾಣುವುದಿಲ್ಲ. ಆಜ್ಞೆ ಬರೆಯುವವನಿಗೆ ಕಾಣುತ್ತದೆ, ಕಾಣದಿದ್ದರೆ ಕೆಲಸ ಆಗುವುದಿಲ್ಲ.

ಇಷ್ಟೆಲ್ಲ ಯಾಕೆ ಬೇಕಾಯಿತು ಅಂದರೆ, ದುಡ್ಡಿಗಾಗಿ. ಪೇಪರಿನವನು ಅಂದರೆ ಸಂಬಳದವನು ಅಂತ ಊರಲ್ಲಿ ತಿಳಿದಿದ್ದಾರೆ. ನಮ್ಮಂಥ ಸ್ಟ್ರಿಂಗರ್‌ಗಳಿಗೆ ಸಂಬಳವಿಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಅಚ್ಚಾದ ಫೋಟೋಗೆ ಇಷ್ಟು. ಹಿಂದೆ ಅಚ್ಚಾದ ಸುದ್ದಿಯ ಉದ್ದವನ್ನು ದಾರದಿಂದ ಅಳೆದು ಹಣ ಕೊಡುತ್ತಿದ್ದರಂತೆ, ಅದಕ್ಕೇ ಸ್ಟ್ರಿಂಗರ್ ಎಂಬ ಹೆಸರಂತೆ. ಈಗ ದಾರ ಹೋಗಿದೆ, ಎಣಿಕೆ ಬಂದಿದೆ. ತಿಂಗಳ ಕೊನೆಗೆ ನಾನೊಂದು ಪಟ್ಟಿ ಕಳಿಸುತ್ತೇನೆ, ಡೆಸ್ಕಿನವರು ತಮ್ಮದೊಂದು ಪಟ್ಟಿ ತೆಗೆಯುತ್ತಾರೆ. ಎರಡೂ ಕೂಡುವುದಿಲ್ಲ. 'ಈ ಫೋಟೋ ನಿಮ್ಮಿಂದ ಬಂದದ್ದಕ್ಕೆ ನಮ್ಮಲ್ಲಿ ಗುರುತಿಲ್ಲ' ಅನ್ನುತ್ತಾರೆ. ಒಂದು ಫೋಟೋಗೆ ಕೊಡುವ ಹಣ ಅದನ್ನು ತೆಗೆಯಲು ಹೋದ ಪೆಟ್ರೋಲಿಗೆ ಸರಿಹೋಗುತ್ತದೆ. ಅದೂ ಸಿಗದಿದ್ದರೆ ಮನೆಯಿಂದ ಹಾಕಿ ಸುದ್ದಿ ಮಾಡಿದಂತೆ.

ಗುರುತು ಯಾಕೆ ಸಿಗುವುದಿಲ್ಲ ಎಂಬುದನ್ನು ಹಿಡಿಯಲು ಹೋಗಿಯೇ ನಾನು ಈಮೇಲಿನ ಹೊಟ್ಟೆಯೊಳಗೆ ಇಳಿದದ್ದು.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಈಮೇಲನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವ ನಿಯಮಕ್ಕೆ ಎಸ್‌ಎಂಟಿಪಿ ಅನ್ನುತ್ತಾರೆ. ಅದನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟರು. ಆ ನಿಯಮದಲ್ಲಿ ಒಂದು ಅಕ್ಷರಕ್ಕೆ 7 ಬಿಟ್ ಮಾತ್ರ ಜಾಗ, ಅಂದರೆ ಒಟ್ಟು 128 ಗುರುತುಗಳು. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಅಲ್ಪವಿರಾಮ ಹಿಡಿಯುವಷ್ಟು. ಕನ್ನಡ ಹಿಡಿಯುವುದಿಲ್ಲ. ಫೋಟೋ ಹಿಡಿಯುವುದಿಲ್ಲ, ಯಾಕೆಂದರೆ ಫೋಟೋದ ಒಂದೊಂದು ಬೈಟಿಗೂ 8 ಬಿಟ್ ಬೇಕು.

ದಾರಿಯಲ್ಲಿರುವ ಲಕ್ಷಾಂತರ ಕಂಪ್ಯೂಟರುಗಳನ್ನು ಬದಲಿಸುವ ಹಾಗಿರಲಿಲ್ಲ. ನೇಥನೀಲ್ ಬೋರೆನ್‌ಸ್ಟೈನ್, ನೆಡ್ ಫ್ರೀಡ್ ಎಂಬಿಬ್ಬರು ಬೇರೆ ಉಪಾಯ ಮಾಡಿದರು. ದಾರಿ ಇದ್ದಹಾಗೇ ಇರಲಿ, ಸಾಮಾನನ್ನೇ ಆ ದಾರಿಗೆ ಒಗ್ಗುವಂತೆ ಕಟ್ಟೋಣ ಅಂದರು. ಅದರ ಹೆಸರು ಮೈಮ್. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಆ ರೀತಿ ಕಟ್ಟಿದ ಮೊದಲ ಲಗತ್ತನ್ನು ಕಳಿಸಿದರು. ಒಳಗಿದ್ದದ್ದು ಅವರೂ ಸೇರಿ ನಾಲ್ವರು ಹಾಡುವ ತಂಡದ ಒಂದು ಫೋಟೋ, ಒಂದು ಹಾಡು. ಅಂದರೆ ಈಗ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಭಜನಾ ಮಂಡಳಿಯವರು ಹಾಕುವಂಥದ್ದೇ.

ಕಟ್ಟುವ ರೀತಿ ಹೀಗಿದೆ. ಫೋಟೋದ ಮೂರು ಬೈಟ್ ತೆಗೆದುಕೊಳ್ಳಬೇಕು, 24 ಬಿಟ್ ಆಯಿತು. ಅದನ್ನು ಆರಾರು ಬಿಟ್ಟಿನ ನಾಲ್ಕು ತುಂಡು ಮಾಡಬೇಕು. ಆರು ಬಿಟ್ಟಿನಲ್ಲಿ 64 ಬಗೆ ಸಾಧ್ಯ. ಅದಕ್ಕೆ ಸರಿಯಾಗಿ 64 ಗುರುತು ಆರಿಸಿಟ್ಟಿದ್ದಾರೆ: ಇಂಗ್ಲಿಷಿನ ದೊಡ್ಡಕ್ಷರ 26, ಸಣ್ಣಕ್ಷರ 26, ಅಂಕಿ 10, ಕೂಡಿಸುವ ಚಿಹ್ನೆ ಒಂದು, ಓರೆಗೆರೆ ಒಂದು. ಪ್ರತಿ ತುಂಡಿಗೆ ಒಂದು ಗುರುತು. ಮೂರು ಬೈಟ್ ಹೋಗಿ ನಾಲ್ಕು ಅಕ್ಷರ ಬಂತು. ಇದಕ್ಕೆ ಬೇಸ್64 ಅನ್ನುತ್ತಾರೆ. ಒಂದು ಸಾಲಿಗೆ 76 ಅಕ್ಷರ ದಾಟಬಾರದು ಅಂತ ನಿಯಮ, ಹಾಗಾಗಿ ಒಂದು ಫೋಟೋ ಅಂದರೆ ಸಾವಿರಾರು ಸಾಲಿನ ಅರ್ಥವಿಲ್ಲದ ಇಂಗ್ಲಿಷ್.

ನಿಮಗೂ ಎಂದಾದರೂ ಅಂಥ ಮೇಲ್ ಬಂದಿರಬಹುದು. ಫೋಟೋ ಕಾಣುವ ಜಾಗದಲ್ಲಿ ಪುಟಗಟ್ಟಲೆ ಕಲಸುಮೇಲೋಗರ. ಫೋನು ಕೆಟ್ಟಿತು, ವೈರಸ್ ಬಂತು ಅಂತ ಹೆದರುತ್ತಾರೆ. ಏನೂ ಆಗಿರುವುದಿಲ್ಲ, ಕಟ್ಟು ಬಿಚ್ಚಿಲ್ಲ ಅಷ್ಟೇ. ಆ ರಾಶಿ ಓರೆಗೆರೆ, 9, ಸಣ್ಣ ಜೆ, ಮತ್ತೆ ಓರೆಗೆರೆ ಅಂತ ಶುರುವಾಗಿದ್ದರೆ ಅದು ಜೆಪೆಗ್ ಫೋಟೋ. ಯಾಕೆಂದರೆ ಜೆಪೆಗ್ ಫೈಲಿನ ಮೊದಲ ಮೂರು ಬೈಟ್ ಯಾವಾಗಲೂ 255, 216, 255. ನಾನು ಅದನ್ನು ನೋಡಿಯೇ ಹೇಳಬಲ್ಲೆ. ನಮ್ಮ ಹೆಂಡತಿ ಇದೂ ಒಂದು ವಿದ್ಯೆಯಾ ಅಂದಳು.

ಒಂದೇ ಪತ್ರದಲ್ಲಿ ವರದಿ, ನಾಲ್ಕು ಫೋಟೋ ಇದ್ದರೆ ಎಲ್ಲಿ ಯಾವುದು ಮುಗಿಯುತ್ತದೆ ಅಂತ ಗೊತ್ತಾಗಬೇಕಲ್ಲ. ಅದಕ್ಕೆ ನಡುವೆ ಬದು ಹಾಕುತ್ತಾರೆ. ಪತ್ರದಲ್ಲಿ ಬೇರೆಲ್ಲೂ ಬರದಂಥ ಒಂದು ಗುರುತಿನ ಸಾಲು, ಅದರ ಹಿಂದೆ ಎರಡು ಅಡ್ಡಗೆರೆ. ಕೊನೆಯ ಬದುವಿಗೆ ಮುಂದೆಯೂ ಎರಡು ಅಡ್ಡಗೆರೆ, ಹೊಲ ಇಲ್ಲಿಗೆ ಮುಗಿಯಿತು ಅಂತ. ಪ್ರತಿ ತುಂಡಿನ ತಲೆಯ ಮೇಲೆ ಒಂದು ಚೀಟಿ: ಇದು ಯಾವ ಬಗೆಯದು, ಹೇಗೆ ಕಟ್ಟಿದೆ, ತೆರೆದೇ ತೋರಿಸಬೇಕೋ ಲಗತ್ತಾಗಿ ಇಡಬೇಕೋ, ಹೆಸರೇನು.

ಈ ಚೀಟಿಯೇ ಎಲ್ಲ ಜಗಳದ ಮೂಲ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರೋಗ್ರಾಮ್ ಅಂದ ಕೂಡಲೇ ಕಂಪ್ಯೂಟರ್, ಲ್ಯಾಪ್‌ಟಾಪ್ ಅಂತ ಹೆದರಬೇಕಿಲ್ಲ. ನಾನು ಮಾಡುವುದು ಫೋನಿನಲ್ಲೇ. ಆ್ಯಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಎಂಬ ಆ್ಯಪ್ ಇದೆ, ಎಫ್-ಡ್ರಾಯ್ಡ್ ಎಂಬ ಜಾಗದಲ್ಲಿ ಹಣವಿಲ್ಲದೆ ಸಿಗುತ್ತದೆ. ಅದರಲ್ಲಿ ಪೈಥಾನ್ ಹಾಕಿಕೊಂಡರೆ ಸಾಕು. ಮೇಲ್ ಕಟ್ಟಲು, ಕಳಿಸಲು ಬೇಕಾದದ್ದು ಪೈಥಾನಿನ ಜೊತೆಯಲ್ಲೇ ಬರುತ್ತದೆ.

'ಈಮೇಲ್ ಮೆಸೇಜ್' ಎಂಬ ಖಾಲಿ ಲಕೋಟೆ ತೆಗೆದುಕೊಳ್ಳಬೇಕು. ಯಾರಿಂದ, ಯಾರಿಗೆ, ವಿಷಯ ಏನು, ಮೂರು ಸಾಲು. 'ಸೆಟ್ ಕಂಟೆಂಟ್' ಎಂಬ ಆಜ್ಞೆಗೆ ವರದಿಯ ಪಠ್ಯ ಕೊಡಬೇಕು. ಆಮೇಲೆ ಒಂದೊಂದು ಫೋಟೋಗೂ ಒಂದೊಂದು ಸಲ 'ಆ್ಯಡ್ ಅಟ್ಯಾಚ್‌ಮೆಂಟ್'. ಈ ಆಜ್ಞೆ ನಾಲ್ಕು ಸಂಗತಿ ಕೇಳುತ್ತದೆ: ಫೈಲಿನ ಬೈಟ್‌ಗಳು, ಅದರ ಪಂಗಡ, ಒಳಪಂಗಡ, ಹೆಸರು. ಇಮೇಜ್ ಅನ್ನುವುದು ಪಂಗಡ, ಜೆಪೆಗ್ ಒಳಪಂಗಡ. ಇಲ್ಲೂ ಒಳಪಂಗಡ ಕೇಳದೆ ಬಿಡುವುದಿಲ್ಲ ನೋಡಿ. ಪಂಗಡ ಸರಿಯಾಗಿ ಹೇಳದೆ 'ಯಾವುದೋ ಒಂದು ಬೈಟ್ ರಾಶಿ' ಅಂತ ಬರೆದರೂ ಮೇಲ್ ಹೋಗುತ್ತದೆ, ಆದರೆ ಆ ಕಡೆಯವರ ಫೋನು ಇದನ್ನು ಯಾವುದರಿಂದ ತೆರೆಯಲಿ ಅಂತ ಕೇಳುತ್ತದೆ. ರಾತ್ರಿ ಎಂಟೂವರೆಗೆ ಪುಟ ಕಟ್ಟುತ್ತಿರುವ ಉಪಸಂಪಾದಕರು ಆ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರುವುದಿಲ್ಲ, ಮುಂದಿನ ಫೋಟೋಗೆ ಹೋಗುತ್ತಾರೆ.

ಎರಡು ಸಂಗತಿ ಹೊಸಬರನ್ನು ಕಾಡುತ್ತವೆ. ಫೋಟೋ ಫೈಲನ್ನು ಬೈಟ್‌ಗಳಾಗಿ ಓದು ಅಂತ ಹೇಳದೆ ಬರೀ ಓದು ಅಂದರೆ, ಪೈಥಾನ್ ಅದನ್ನು ಬರಹ ಅಂತ ತಿಳಿದು ಮೊದಲ ಬೈಟಿನಲ್ಲೇ ನಿಂತುಬಿಡುತ್ತದೆ. ಆ ಮೊದಲ ಬೈಟೇ 255, ಅಂಥ ಬೈಟು ಯುಟಿಎಫ್-8 ಬರಹದಲ್ಲಿ ಬರುವ ಹಾಗೇ ಇಲ್ಲ. ಇನ್ನೊಂದು, ವರದಿಯ ಪಠ್ಯ ಮೊದಲು, ಲಗತ್ತು ಆಮೇಲೆ. ತಿರುವುಮುರುವು ಮಾಡಿದರೆ ಒಪ್ಪುವುದಿಲ್ಲ.

ಇನ್ನು ಪಾಸ್‌ವರ್ಡ್ ವಿಷಯ. ಜಿಮೇಲಿನ ಮಾಮೂಲಿ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. 2022ರ ಮೇ 30ರಿಂದ ಗೂಗಲ್ ಅದನ್ನು ನಿಲ್ಲಿಸಿದೆ. ಖಾತೆಗೆ ಎರಡು ಹಂತದ ಭದ್ರತೆ ಹಾಕಿಕೊಂಡು, ಆ್ಯಪ್ ಪಾಸ್‌ವರ್ಡ್ ಎಂಬ 16 ಅಕ್ಷರದ ಬೇರೆ ಕೀಲಿ ಪಡೆಯಬೇಕು. ಗೂಗಲ್‌ನದೇ ಜಿಮೇಲ್ ಎಪಿಐ ಎಂಬ ಇನ್ನೊಂದು ದಾರಿಯೂ ಇದೆ. ಅದರಲ್ಲಿ ಕಟ್ಟಿದ ಪತ್ರವನ್ನು ಪೂರ್ತಿಯಾಗಿ ಇನ್ನೊಂದು ಸಲ ಬೇಸ್64 ಮಾಡಿ ಕೊಡಬೇಕು, ಅದೂ ಕೂಡಿಸುವ ಚಿಹ್ನೆಗೆ ಅಡ್ಡಗೆರೆ, ಓರೆಗೆರೆಗೆ ಅಡಿಗೆರೆ ಬದಲಿಸಿ. ವೆಬ್ ವಿಳಾಸಗಳಲ್ಲಿ ಆ ಎರಡು ಚಿಹ್ನೆಗೆ ಬೇರೆ ಅರ್ಥ ಇರುವುದರಿಂದ ಹೀಗೆ. ಒಬ್ಬ ಸ್ಟ್ರಿಂಗರಿಗೆ ಅಷ್ಟು ದೂರ ಹೋಗುವ ಅಗತ್ಯ ನನಗಂತೂ ಕಾಣಲಿಲ್ಲ. ಒಂದು ಮಾತು ಮಾತ್ರ: ಆ 16 ಅಕ್ಷರವನ್ನು ಪ್ರೋಗ್ರಾಮಿನ ಒಳಗೇ ಬರೆದು ಗೆಳೆಯರಿಗೆ ಪ್ರೋಗ್ರಾಮ್ ಹಂಚಬೇಡಿ. ಮನೆಯ ಕೀಲಿ ಸಮೇತ ಮನೆಯ ನಕ್ಷೆ ಕೊಟ್ಟಂತೆ.

ಈಗ ಚೀಟಿಯ ಮೇಲಿನ ಹೆಸರಿಗೆ ಬರೋಣ. ಹಣದ ಜಗಳ ಇರುವುದು ಇಲ್ಲೇ.

ನಾನು ಫೋಟೋಗಳಿಗೆ ಕನ್ನಡದಲ್ಲೇ ಹೆಸರಿಡುತ್ತಿದ್ದೆ. 'ವರದಾ ನೆರೆ', 'ಮೆಣಸಿನಕಾಯಿ ಮಾರುಕಟ್ಟೆ', ಹೀಗೆ. ಕನ್ನಡ ಪತ್ರಿಕೆ, ಕನ್ನಡ ಸುದ್ದಿ, ಕನ್ನಡದ ಉಪಸಂಪಾದಕರು, ಹೆಸರು ಮಾತ್ರ ಇಂಗ್ಲಿಷಿನಲ್ಲಿ ಯಾಕೆ? ನನ್ನ ಫೋನಿನಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಕಳಿಸಿದ ಮೇಲ್‌ಗಳ ಪೆಟ್ಟಿಗೆಯಲ್ಲೂ ಸರಿಯಾಗಿತ್ತು. ಡೆಸ್ಕಿನಲ್ಲಿ ಕುಳಿತವರ ಪರದೆಯಲ್ಲಿ ಮಾತ್ರ ಹೆಸರೇ ಇಲ್ಲದ ಲಗತ್ತು ಒಂದು, ಎರಡು, ಮೂರು ಅಂತ ಇಳಿಯುತ್ತಿತ್ತು. ಹೆಸರಿಲ್ಲದ ಫೋಟೋ ಯಾವ ತಾಲ್ಲೂಕಿನದು, ಯಾರು ಕಳಿಸಿದ್ದು ಅಂತ ಮಾರನೇ ದಿನ ಯಾರಿಗೆ ನೆನಪಿರುತ್ತದೆ? ಫೋಟೋ ಅಚ್ಚಾಗುತ್ತಿತ್ತು, ಲೆಕ್ಕದಲ್ಲಿ ನನ್ನ ಹೆಸರಿಗೆ ಬರುತ್ತಿರಲಿಲ್ಲ. ಡೆಸ್ಕಿನವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಅವರಿಗೆ ಕೊಟ್ಟ ಹಳೇ ಮೇಲ್ ತಂತ್ರಾಂಶಕ್ಕೆ ಕನ್ನಡದ ಚೀಟಿ ಓದಲು ಬರುತ್ತಿರಲಿಲ್ಲ. ಅದನ್ನು ಬದಲಿಸಿ ಅಂತ ಕೇಳಬೇಕಾದವರು ಯಾರೂ ಕೇಳಿರಲಿಲ್ಲ.

ವಿಷಯ ಏನೆಂದರೆ, ಚೀಟಿಯೂ ಆ ಹಳೇ 7 ಬಿಟ್ಟಿನ ದಾರಿಯಲ್ಲೇ ಹೋಗಬೇಕು. ಕನ್ನಡ ಹೆಸರನ್ನು ಚೀಟಿಯಲ್ಲಿ ಬರೆಯಲು ಎರಡು ಪದ್ಧತಿ ಇವೆ. ಒಂದರಲ್ಲಿ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಹಾಕಿ ಎರಡು ಗುರುತು ಬರೆಯುತ್ತಾರೆ. ಯುಟಿಎಫ್-8ನಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್, ಹಾಗಾಗಿ ಒಂದು ಅಕ್ಷರಕ್ಕೆ 9 ಗುರುತು. ಇನ್ನೊಂದರಲ್ಲಿ ಹೆಸರನ್ನೂ ಬೇಸ್64 ಮಾಡುತ್ತಾರೆ. ನಿಯಮದ ಪ್ರಕಾರ ಫೈಲಿನ ಹೆಸರಿಗೆ ಮೊದಲನೆಯದೇ ಸರಿ, ಪೈಥಾನ್ ಅದನ್ನೇ ಬರೆಯುತ್ತದೆ. ಆದರೆ ಕೆಲವು ಹಳೇ ತಂತ್ರಾಂಶಗಳು ಎರಡನೆಯದನ್ನು ಮಾತ್ರ ಓದುತ್ತವೆ. ಇನ್ನು ಕೆಲವು ಎರಡನ್ನೂ ಓದದೆ ಇದ್ದದ್ದನ್ನು ಇದ್ದಹಾಗೇ ತೋರಿಸುತ್ತವೆ.

ಆ ಇದ್ದಹಾಗೇ ತೋರಿಸುವುದನ್ನು ನೋಡುತ್ತಾ ಕುಳಿತಾಗ ನನಗೊಂದು ಚಂದದ ಸಂಗತಿ ಸಿಕ್ಕಿತು. ಕನ್ನಡ ಅಕ್ಷರಕ್ಕೆ ಸರಿಯಾಗಿ ಮೂರು ಬೈಟ್. ಬೇಸ್64 ಕಟ್ಟುವುದೂ ಮೂರು ಮೂರು ಬೈಟನ್ನೇ. ಎರಡೂ ಹೊಂದಿಕೊಂಡವು! 'ಕ' ಅಂದರೆ 224, 178, 149. ಕಟ್ಟಿದರೆ 4, ಎಲ್, ಕೆ, ವಿ. 'ವ' ಅಂದರೆ 4, ಎಲ್, ಕೆ, 1. 'ಅ'ದಿಂದ ಗುಡಿಸಿನವರೆಗೆ ಎಲ್ಲವೂ 4, ಎಲ್, ಕೆ ಅಂತಲೇ ಶುರು. ಕೊಂಬು, ಎತ್ವ, ಒತ್ತಕ್ಷರಕ್ಕೆ ಬೇಕಾದ ಅರ್ಧಚಿಹ್ನೆ ಬಂದರೆ 4, ಎಲ್, ಓ. ನಾಲ್ಕನೆಯ ಗುರುತು ಯಾವ ಅಕ್ಷರ ಅಂತ ಹೇಳುತ್ತದೆ. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುವ 'ಆ' ಕಾರದ ಇಳಿಗೆ ಕೂಡಿಸುವ ಚಿಹ್ನೆ, ಗುಡಿಸಿಗೆ ಓರೆಗೆರೆ. ನಡುವೆ ಜಾಗ ಬಿಟ್ಟರೆ ಅಥವಾ 1, 2 ಅಂತ ಅಂಕಿ ಹಾಕಿದರೆ ಮಾತ್ರ ಈ ಜೋಡಿ ತಪ್ಪುತ್ತದೆ, ಯಾಕೆಂದರೆ ಅವಕ್ಕೆ ಒಂದೇ ಬೈಟು.

ಹಾಗಾಗಿ ಮೇಲಿನ ವಿಷಯದ ಸಾಲಿನಲ್ಲೋ ಫೈಲಿನ ಹೆಸರಿನಲ್ಲೋ 4 ಎಲ್ ಕೆ, 4 ಎಲ್ ಕೆ, 4 ಎಲ್ ಓ ಅಂತ ಕಂಡರೆ ಅದು ಕಸವಲ್ಲ, ನಮ್ಮ ಕನ್ನಡ. ಗುರುತು ಸಿಗದ ವೇಷದಲ್ಲಿದೆ. ಒಂದು ಸಂಜೆ ಹಾಳೆಯ ಮೇಲೆ ವರ್ಣಮಾಲೆ ಪೂರ್ತಿ ಬರೆದುಕೊಂಡು ಪಕ್ಕದಲ್ಲಿ ಈ ಗುರುತು ಹಾಕಿಟ್ಟುಕೊಂಡೆ. ಡೆಸ್ಕಿನವರು ಪರದೆಯ ಫೋಟೋ ತೆಗೆದು 'ಇದೇನ್ರೀ ಇದು' ಅಂತ ಕಳಿಸಿದರೆ ಓದಿ ಹೇಳುತ್ತೇನೆ.

ಆದರೆ ಓದಿ ಹೇಳುವುದರಿಂದ ಲೆಕ್ಕ ಸರಿಹೋಗುವುದಿಲ್ಲ. ಈಗ ನಾನು ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲೇ ಇಡುತ್ತೇನೆ: ದಿನಾಂಕ, ತಾಲ್ಲೂಕಿನ ಗುರುತು, ಕ್ರಮಸಂಖ್ಯೆ, ನನ್ನ ಹೆಸರಿನ ಮೊದಲ ಅಕ್ಷರಗಳು. ಜಾಗ ಬಿಡುವುದಿಲ್ಲ. ಫೋಟೋ ಅಡಿಬರಹವನ್ನು ಕನ್ನಡದಲ್ಲಿ ಬರೆದು, ಪತ್ರದ ಪಠ್ಯದಲ್ಲೇ ಆ ಕ್ರಮಸಂಖ್ಯೆಯ ಎದುರಿಗೆ ಹಾಕುತ್ತೇನೆ. ಪಠ್ಯದ ತುಂಡಿಗೆ ಯುಟಿಎಫ್-8 ಅಂತ ಪೈಥಾನ್ ತಾನೇ ಚೀಟಿ ಅಂಟಿಸುತ್ತದೆ, ಅದನ್ನು ಹಳೇ ತಂತ್ರಾಂಶವೂ ಓದುತ್ತದೆ. ಕೆಲಸ ನಡೆಯುತ್ತಿದೆ. ನನಗೆ ಸಮಾಧಾನವಿಲ್ಲ. ಮೈಮ್ ಬಂದು ಮೂವತ್ತು ವರ್ಷ ದಾಟಿದೆ, ಕನ್ನಡ ಹೆಸರನ್ನು ಒಯ್ಯುವ ದಾರಿ ಇದೆ, ಒಯ್ದದ್ದನ್ನು ಓದುವವರು ಕನ್ನಡ ಪತ್ರಿಕೆಯಲ್ಲೇ ಇಲ್ಲ ಅಂದರೆ ಏನು ಹೇಳುವುದು.

ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ವರದಿ ಬರೆಯುವ ಹಿರಿಯ ವರದಿಗಾರರು ಇನ್ನೂ ಇದ್ದಾರೆ. ಅವರಿಗೂ ಒಂದು ಮಾತು. ಆ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ, ಕನ್ನಡದ ಹಾಗೆ ಕಾಣುವ ಫಾಂಟು ಹಾಕಿದ ಬೇರೆ ಗುರುತುಗಳು. ಲಗತ್ತಾಗಿ ಕಳಿಸಿದರೆ ಫಾಂಟು ಇಲ್ಲದ ಫೋನಿನಲ್ಲಿ ಕಲಸಿಹೋಗುತ್ತದೆ. ಅದನ್ನು ಎಪಿಐ ಸರಿಮಾಡುವುದಿಲ್ಲ. ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಕಳಿಸಬೇಕು.

ಎರಡನೆಯ ತೊಂದರೆ ತೂಕದ್ದು. ಮೂರು ಬೈಟಿಗೆ ನಾಲ್ಕು ಅಕ್ಷರ ಅಂದೆನಲ್ಲ, ಸಾಲಿನ ಕೊನೆಯ ಗುರುತು ಸೇರಿದರೆ ಲಗತ್ತು ನೂರಕ್ಕೆ ಸುಮಾರು 37ರಷ್ಟು ಉಬ್ಬುತ್ತದೆ. ಒಣಗಿದ ಕಡಲೆ ನೆನೆಸಿದ ಹಾಗೆ. ಜಿಮೇಲಿನಲ್ಲಿ 25 ಎಂಬಿ ಲಗತ್ತು ಕಳಿಸಬಹುದು, ಅಲ್ಲಿ ಅಷ್ಟು ತೊಂದರೆ ಇಲ್ಲ. ಆದರೆ ನೀವು ಕಳಿಸುವ ಕಡೆ ಅಷ್ಟು ಜಾಗ ಇರಬೇಕಲ್ಲ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶ ಬಹಳ ಕಡೆ ಬಳಕೆಯಲ್ಲಿದೆ. ಯಾರೂ ಬದಲಿಸದಿದ್ದರೆ ಅದರ ಮಿತಿ ಒಂದು ಪತ್ರಕ್ಕೆ 1,02,40,000 ಬೈಟ್, ಅದೂ ಉಬ್ಬಿದ ಮೇಲಿನ ತೂಕ. ಅಂದರೆ ನಿಮ್ಮ ಫೋನಿನ ಲೆಕ್ಕದಲ್ಲಿ ಸುಮಾರು ಏಳೂವರೆ ಎಂಬಿ. ಈಗಿನ ಫೋನಿನ ಎರಡು ಫೋಟೋಗೆ ಮುಗಿಯಿತು. ದಾಟಿದರೆ 552 ಎಂಬ ಅಂಕಿಯೊಂದಿಗೆ ವಾಪಸ್. ನಾಲ್ಕು ಫೋಟೋ ಒಟ್ಟಿಗೆ ಹೋಗದಿದ್ದರೆ ನನ್ನ ಪ್ರೋಗ್ರಾಮ್ ಅದನ್ನು ತಾನೇ ಎರಡು ಪತ್ರ ಮಾಡುತ್ತದೆ, ವಿಷಯದಲ್ಲಿ ಒಂದನೆಯದು, ಎರಡನೆಯದು ಅಂತ ಬರೆಯುತ್ತದೆ. ಕೈಯಿಂದ ಕಳಿಸುವಾಗ ಈ ತೂಕದ ಲೆಕ್ಕ ಯಾರು ಹಾಕುತ್ತಾರೆ?

ವಾಟ್ಸ್‌ಆ್ಯಪ್ ಇರುವಾಗ ಇದೆಲ್ಲ ಯಾಕೆ ಅಂತ ನೀವು ಕೇಳುತ್ತೀರಿ. ಡೆಸ್ಕಿನವರೂ ಕೇಳುತ್ತಾರೆ. ಅವಸರದ ಸುದ್ದಿಗೆ ನಾನೂ ವಾಟ್ಸ್‌ಆ್ಯಪ್ ಮಾಡುತ್ತೇನೆ. ಆದರೆ ಫೋಟೋವನ್ನು ಫೋಟೋ ಅಂತಲೇ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಒಳಗೆ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸಮಯ, ಸ್ಥಳದ ಗುರುತನ್ನು ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ, ಹಾಗೆ ಕಳಿಸುವವರು ಕಡಿಮೆ. ಈಮೇಲಿನ ಲಗತ್ತು ಎಷ್ಟೇ ಉಬ್ಬಿದರೂ ಬಿಚ್ಚಿದಾಗ ಒಂದು ಬೈಟೂ ಹೆಚ್ಚುಕಡಿಮೆ ಇಲ್ಲದೆ ಕಳಿಸಿದ ಫೋಟೋವೇ ಸಿಗುತ್ತದೆ.

ಇದರ ಬೆಲೆ ನನಗಿಂತ ಚೆನ್ನಾಗಿ ತಿಳಿದವರು ನಮ್ಮ ಓಣಿಯ ಹಿರಿಯರೊಬ್ಬರು. ವರದಾ ನದಿಯ ದಡದಲ್ಲಿ ಅವರದು ಗೋವಿನಜೋಳದ ಹೊಲ. ನಮ್ಮ ಹಾವೇರಿ ಜಿಲ್ಲೆಯಲ್ಲಿ 2019ರ ಆಗಸ್ಟಿನ ನೆರೆ ನೋಡಿದವರು ಈಗ ನದಿ ಸ್ವಲ್ಪ ಏರಿದರೂ ಫೋನು ಹಿಡಿದು ಹೊಲಕ್ಕೆ ಓಡುತ್ತಾರೆ. ಹೋದ ಮಳೆಗಾಲದಲ್ಲಿ ಅವರು ಮನೆಗೆ ಬಂದರು.

'ತಮ್ಮಾ, ಹೊಲದಾಗ ನೀರು ನಿಂತೈತಿ. ಫೋಟೋ ಹೊಡದೇನಿ. ಗುಂಪಿಗೆ ಹಾಕೇನಿ. ಸಾಕಲ್ಲ?'

'ಗುಂಪಿಗೆ ಹಾಕಿದ್ದು ಸಾಕಾಗಂಗಿಲ್ಲ ಕಾಕಾ. ಅದರಾಗಿನ ತಾರೀಖು ಹೋಗಿರ್ತೈತಿ. ಮೊದಲು ವಿಮಾದವರಿಗೆ ಫೋನ್ ಹಚ್ಚಿ ತಿಳಿಸ್ರಿ, ಆಮ್ಯಾಗ ಮೂಲ ಫೋಟೋ ಕೊಡ್ರಿ, ಮೇಲ್ ಮಾಡೂಣು.'

'ಮೂಲ ಅಂದ್ರ? ಫೋನಿನಾಗಿಂದು ಎಲ್ಲಾ ಮೂಲನ ಅಲ್ಲೇನು?'

ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದಿಂದಾದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿಗೋ ಆ್ಯಪಿನಲ್ಲೋ ತಿಳಿಸಬೇಕಾದದ್ದನ್ನು ತಿಳಿಸಲೇಬೇಕು, ಈಮೇಲ್ ಅದಕ್ಕೆ ಬದಲಿಯಲ್ಲ. ಆದರೆ ಮುಂದೆ ಯಾರಾದರೂ 'ಯಾವತ್ತಿನ ಫೋಟೋ ಇದು' ಅಂತ ಕೇಳಿದಾಗ, ಅದೇ ದಿನ ಇಂಥ ಗಂಟೆಗೆ ಕಳಿಸಿದ ಪತ್ರದ ಒಳಗೆ ಕುಳಿತ, ಬದಲಾಗದ ಫೋಟೋ ಇದ್ದರೆ ಮಾತಿಗೆ ಬಲ ಬರುತ್ತದೆ. ಕಾಕಾ ಗ್ಯಾಲರಿಯಲ್ಲಿ ಮೂಲ ಯಾವುದು, ಗುಂಪಿನಿಂದ ವಾಪಸ್ ಇಳಿದದ್ದು ಯಾವುದು ಅಂತ ಹುಡುಕಲು ಅರ್ಧ ಗಂಟೆ ಹಿಡಿಯಿತು. ಸಿಕ್ಕ ಮೂರನ್ನು ಅವರದೇ ಮೇಲ್ ವಿಳಾಸದಿಂದ ಕಳಿಸಿದೆವು. ವಿಳಾಸ ಅವರ ಮಗಳು ಮಾಡಿಕೊಟ್ಟದ್ದು, ಅವರಿಗೆ ತಮ್ಮ ಹೆಸರಿನಲ್ಲಿ ಮೇಲ್ ಇದೆ ಅಂತಲೇ ಗೊತ್ತಿರಲಿಲ್ಲ.

ಫೋಟೋ ಬದಲಾಗಿಲ್ಲ ಅಂತ ತೋರಿಸಲು ಇನ್ನೊಂದು ದಾರಿ ಪ್ರೋಗ್ರಾಮಿನಲ್ಲಿ ಒಂದೇ ಸಾಲಿನ ಕೆಲಸ. ಶಾ-256 ಎಂಬ ಲೆಕ್ಕ ಇದೆ. ಯಾವುದೇ ಫೈಲನ್ನು ಅದಕ್ಕೆ ಕೊಟ್ಟರೆ 64 ಗುರುತಿನ ಒಂದು ಹೆಬ್ಬೆಟ್ಟು ಕೊಡುತ್ತದೆ. ಫೋಟೋದಲ್ಲಿ ಒಂದು ಚುಕ್ಕೆ ಬದಲಾದರೂ ಹೆಬ್ಬೆಟ್ಟು ಪೂರ್ತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆ ಇದೆ, ಅದರಲ್ಲಿ ಈ ಹೆಬ್ಬೆಟ್ಟು ಬರೆಯಲು ಜಾಗ ಕೊಟ್ಟಿದ್ದಾರೆ. ನಾನು ಪ್ರತಿ ಲಗತ್ತಿನ ಹೆಬ್ಬೆಟ್ಟನ್ನೂ ಪತ್ರದ ಕೊನೆಗೆ ಬರೆಸುತ್ತೇನೆ. ಡೆಸ್ಕಿನವರು ಅದನ್ನು ನೋಡುವುದಿಲ್ಲ. ಪರವಾಗಿಲ್ಲ, ಅದು ಅವರಿಗಾಗಿ ಇರುವುದಲ್ಲ.

ಕಳಿಸಿದ್ದಕ್ಕೆ ರಸೀದಿ ಎಲ್ಲಿ ಅನ್ನುವುದು ಕೊನೆಯ ಪ್ರಶ್ನೆ. ಪ್ರೋಗ್ರಾಮ್ ಪತ್ರವನ್ನು ಸರ್ವರಿಗೆ ಪೂರ್ತಿ ಒಪ್ಪಿಸಿದ ಮೇಲೆ ಆ ಕಡೆಯಿಂದ 250 ಎಂಬ ಅಂಕಿ ಬರುತ್ತದೆ. ಇನ್ನು ಇದರ ಜವಾಬ್ದಾರಿ ನನ್ನದು, ಮುಟ್ಟಿಸುತ್ತೇನೆ, ಇಲ್ಲವಾದರೆ ಮುಟ್ಟಲಿಲ್ಲ ಅಂತ ತಿಳಿಸುತ್ತೇನೆ ಅಂತ ಅದರರ್ಥ. ರಿಜಿಸ್ಟರ್ ಪೋಸ್ಟಿನ ಚೀಟಿಯಂತೆ. ನಮ್ಮ ಕಡೆ ಸಂಜೆ ಕರೆಂಟು ಹೋದರೆ ಟವರೂ ಹೋಗುತ್ತದೆ. ಅರ್ಧ ಕಳಿಸುವಾಗ ನೆಟ್‌ವರ್ಕ್ ಹೋಗಿ 250 ಬರದಿದ್ದರೆ ಪ್ರೋಗ್ರಾಮ್ ಹತ್ತು ನಿಮಿಷ ಕಾದು ಮತ್ತೆ ಕಳಿಸುತ್ತದೆ. ಕೆಲವೊಮ್ಮೆ ಪತ್ರ ಮೊದಲೇ ಮುಟ್ಟಿದ್ದು, 250 ಮಾತ್ರ ದಾರಿಯಲ್ಲಿ ಕಳೆದಿರುತ್ತದೆ. ಆಗ ಎರಡು ಪತ್ರ ಹೋಗುತ್ತವೆ. ಅದಕ್ಕೇ ಮೊದಲ ಸಲ ಕೊಟ್ಟ ಮೆಸೇಜ್ ಐಡಿಯನ್ನೇ ಎರಡನೇ ಸಲವೂ ಇಡುತ್ತೇನೆ, ಎರಡೂ ಒಂದೇ ಅಂತ ಗೊತ್ತಾಗಲಿ ಅಂತ.

250 ಬಂದ ಕೂಡಲೇ ಒಂದು ಪಟ್ಟಿಗೆ ಒಂದು ಸಾಲು ಸೇರುತ್ತದೆ: ದಿನಾಂಕ, ಗಂಟೆ, ಮೆಸೇಜ್ ಐಡಿ, ಫೈಲಿನ ಹೆಸರು, ತೂಕ, ಹೆಬ್ಬೆಟ್ಟು. ನಾನು ಏನೂ ಬರೆಯಬೇಕಿಲ್ಲ. ಮಾರನೇ ದಿನ ಪೇಪರ್ ನೋಡಿ, ಅಚ್ಚಾಗಿದ್ದರೆ ಆ ಸಾಲಿನ ಮುಂದೆ ಪುಟದ ಸಂಖ್ಯೆ ಹಾಕುತ್ತೇನೆ. ಅಷ್ಟೇ ಕೈಕೆಲಸ. ಪ್ರೋಗ್ರಾಮ್ ಒಟ್ಟು ಎಂಬತ್ತು ಸಾಲೂ ಇಲ್ಲ.

ಈ ಪಟ್ಟಿ ಕಳಿಸಲು ಶುರು ಮಾಡಿದ ಮೊದಲ ತಿಂಗಳು ಲೆಕ್ಕ ವಿಭಾಗದಿಂದ ಫೋನ್ ಬಂತು. ಮೆಸೇಜ್ ಐಡಿ ಅಂದರೇನು ಅಂತ ಕೇಳಿದರು, ಹೇಳಿದೆ. ತಮ್ಮ ಪೆಟ್ಟಿಗೆಯಲ್ಲಿ ಹುಡುಕಿ ನೋಡುತ್ತೇವೆ ಅಂದರು. ಹುಡುಕಿದರೆ ಸಿಗುತ್ತದೆ, ಯಾಕೆಂದರೆ ಹೆಸರು ಕಳೆದುಹೋದ ಲಗತ್ತಿನ ಪತ್ರಕ್ಕೂ ಮೆಸೇಜ್ ಐಡಿ ಇರುತ್ತದೆ. ಹಿಂದಿನ ತಿಂಗಳುಗಳದ್ದು ಹೋದದ್ದು ಹೋಯಿತು, ಅದಕ್ಕೆ ಪಟ್ಟಿ ಇರಲಿಲ್ಲ. ಈಚಿನದರಲ್ಲಿ ತಕರಾರು ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

ರಾಣೆಬೆನ್ನೂರು, ಹಾನಗಲ್ ಕಡೆಯ ಇಬ್ಬರು ಗೆಳೆಯರು ಇದೇ ಪ್ರೋಗ್ರಾಮ್ ಹಾಕಿಕೊಂಡಿದ್ದಾರೆ. ಒಬ್ಬರು ಅದಕ್ಕೆ ಕೋಡಿಂಗ್ ಗೊತ್ತಿಲ್ಲದವರೂ ಬಳಸುವಂತೆ ಕನ್ನಡದಲ್ಲಿ ಪ್ರಶ್ನೆ ಕೇಳುವ ಸಾಲು ಸೇರಿಸಿದ್ದಾರೆ: ಯಾವ ತಾಲ್ಲೂಕು, ಎಷ್ಟು ಫೋಟೋ, ಅಡಿಬರಹ ಏನು. ನನ್ನದಕ್ಕಿಂತ ಅದೇ ಚೆನ್ನಾಗಿದೆ. ಬೇಕಾದವರು ಕೇಳಿದರೆ ಕೊಡುತ್ತೇವೆ, ಕೀಲಿ ಮಾತ್ರ ನಿಮ್ಮದೇ ಹಾಕಿಕೊಳ್ಳಬೇಕು.

ಫೋಟೋಗಳ ಹೆಸರು ಇಂಗ್ಲಿಷ್ ಅಕ್ಷರಕ್ಕೆ ಹೋದರೂ ತಿಂಗಳ ಕೊನೆಯ ಪಟ್ಟಿಯನ್ನು ಲಗತ್ತಿಸುವಾಗ ಅದೊಂದಕ್ಕೆ ಮಾತ್ರ ಪೂರ್ತಿ ಕನ್ನಡದಲ್ಲೇ ಹೆಸರಿಡುತ್ತೇನೆ. ಅದು ಆ ಕಡೆ ಹೆಸರಿಲ್ಲದೆ ಇಳಿದರೆ ಅವರೇ ಫೋನ್ ಮಾಡಿ ಇದು ಯಾವ ಫೈಲು ಅಂತ ಕೇಳುತ್ತಾರೆ. ನಿಮ್ಮ ತಂತ್ರಾಂಶಕ್ಕೆ ಕನ್ನಡ ಬರುವುದಿಲ್ಲ ಸಾರ್, ಸ್ವಲ್ಪ ಹೇಳಿ ಹೊಸದು ಹಾಕಿಸಿ ಅನ್ನುತ್ತೇನೆ. ಆರು ತಿಂಗಳಿಂದ ಹೇಳುತ್ತಿದ್ದೇನೆ.